ವೃಂದದೊಳಗಿನ ದನಿ: ಶಾಸ್ತ್ರೀಯ ವೃಂದಗಾಯನವನ್ನು ವೃತ್ತಿಯಾಗಿಸಿಕೊಳ್ಳುವ ಬಗೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಹಾಡಿ ಜೀವನ ಸಾಗಿಸುವವರೆಲ್ಲರೂ ಒಪೆರಾದ ಮುಖ್ಯ ಪಾತ್ರಗಳಿಗಾಗಿ ಹೊರಟವರಲ್ಲ. 1924ರಲ್ಲಿ ಆರಂಭವಾದ ಬಿಬಿಸಿ ಸಿಂಗರ್ಸ್, 1948ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ರಿಯಾಸ್ ಕಾಮರ್‌ಕೋರ್‌ನಂಥ ರೇಡಿಯೊ ವೃಂದಗಳು, 1973ರಿಂದ ಯುರೋಪಿನ ನವೋದಯ (ರೆನೈಸಾನ್ಸ್) ಕಾಲದ ಕೃತಿಗಳನ್ನೇ ಮುಖ್ಯವಾಗಿ ಹಾಡುತ್ತ ಬಂದಿರುವ ಟ್ಯಾಲಿಸ್ ಸ್ಕಾಲರ್ಸ್, ಆರೇ ಮಂದಿಯ ಕಿಂಗ್ಸ್ ಸಿಂಗರ್ಸ್ ಇವೆಲ್ಲ ಬೇರೊಂದು ಬಗೆಯ ಗಾಯಕರನ್ನು ಬೇಡುತ್ತವೆ. ಇಲ್ಲಿ ಕಂಠಕ್ಕಿಂತ ಮೊದಲು ಪಳಗಬೇಕಾದದ್ದು ಕಿವಿ ಮತ್ತು ಕಣ್ಣು. ಉತ್ತಮ ಕಂಠವಿದ್ದರೆ ಉಳಿದದ್ದು ತಾನಾಗಿ ಒದಗುತ್ತದೆ ಎಂದು ನಂಬಿದವರು ಮೊದಲ ತಾಲೀಮಿನಲ್ಲೇ ಕಷ್ಟಕ್ಕೆ ಸಿಲುಕುತ್ತಾರೆ.

ಏಕೆಂದರೆ ವೃತ್ತಿಪರ ವೃಂದದಲ್ಲಿ ಸ್ವರಗಳನ್ನು ಯಾರೂ ಹೇಳಿಕೊಡುವುದಿಲ್ಲ. ಒಂದು ಕಛೇರಿಗೆ ಒಂದೋ ಎರಡೋ ತಾಲೀಮು ಸಿಕ್ಕರೆ ಹೆಚ್ಚು. ಆ ಸಮಯವೆಲ್ಲ ಲಯ, ಭಾವ, ಉಚ್ಚಾರಣೆಗಳಿಗೆ ಮೀಸಲು. ಆದ್ದರಿಂದ ಲಿಪಿಯನ್ನು ನೋಡಿದ ಕೂಡಲೇ ಹಾಡುವ ಸೈಟ್ ರೀಡಿಂಗ್ ಅಭ್ಯಾಸವನ್ನು ದಿನಚರಿಯ ಭಾಗವಾಗಿಸಿಕೊಳ್ಳಿ. ದಿನಕ್ಕೆ ಅರ್ಧ ಗಂಟೆ, ಹಿಂದೆಂದೂ ಕಾಣದ ಕೃತಿಯೊಂದನ್ನು ತೆಗೆದುಕೊಂಡು, ಶ್ರುತಿಕವೆಯಿಂದ ಒಂದೇ ಸ್ವರವನ್ನು ಪಡೆದು, ಪಿಯಾನೊ ಮುಟ್ಟದೆ ಕೊನೆಯವರೆಗೆ ಹಾಡಿ. ತಪ್ಪಿದಲ್ಲಿ ಹಿಂದಕ್ಕೆ ಹೋಗಬೇಡಿ. ಮುಂದಿನ ಬಾರ್‌ನ (ಲಿಪಿಯಲ್ಲಿ ಗೆರೆಗಳ ನಡುವಿನ ತಾಳದ ಒಂದು ಭಾಗ) ಆರಂಭದಲ್ಲಿ ಮತ್ತೆ ಸೇರಿಕೊಳ್ಳುವುದನ್ನು ಕಲಿಯಿರಿ, ವೃಂದ ನಿಮಗಾಗಿ ನಿಲ್ಲುವುದಿಲ್ಲ. ಹದಿನಾರನೇ ಶತಮಾನದ ಇಟಲಿಯ ಪಲೆಸ್ಟ್ರೀನನ ಬಹುಧ್ವನಿ ಕೃತಿಗಳಿಂದ ಆರಂಭಿಸಿ, ಬಾಖ್‌ನ ಕೊರಾಲ್‌ಗಳಿಗೆ (ನಾಲ್ಕು ದನಿಗಳ ಚರ್ಚ್ ಸ್ತುತಿಗೀತೆಗಳು) ಬಂದು, ನಂತರ ಇಪ್ಪತ್ತನೇ ಶತಮಾನದ ಕೃತಿಗಳಿಗೆ ಹೋಗುವುದು ಒಳ್ಳೆಯ ದಾರಿ. ನಿಮ್ಮ ಸಾಲನ್ನಷ್ಟೇ ಓದದೆ, ಪ್ರವೇಶಕ್ಕೆ ಮೊದಲು ನಿಮ್ಮ ಸ್ವರವನ್ನು ಯಾವ ದನಿಯಿಂದ ಎತ್ತಿಕೊಳ್ಳಬಹುದೆಂಬುದನ್ನು ಉಳಿದ ಸಾಲುಗಳಲ್ಲಿ ಹುಡುಕಿ. ಆಧಾರ ಶ್ರುತಿಯಿಲ್ಲದೆಯೇ ಯಾವ ಸ್ವರವನ್ನೂ ಗುರುತಿಸಬಲ್ಲ ನಿರಪೇಕ್ಷ ಸ್ವರಜ್ಞಾನವುಳ್ಳವರಿಗೂ ಇದು ಬೇಕು. ಬರೋಕ್ (ಬಾಖ್, ಪರ್ಸೆಲ್‌ರ ಕಾಲದ) ವಾದ್ಯಗಳು ಇಂದು ಸಾಮಾನ್ಯವಾಗಿ 440ರ ಬದಲು 415 ಹರ್ಟ್ಸ್ ಶ್ರುತಿಯಲ್ಲಿರುವುದರಿಂದ, ಪುಟದಲ್ಲಿರುವ ಸ್ವರ ಒಂದು ಸ್ವರಸ್ಥಾನ ಕೆಳಗೆ ಕೇಳಿಸುತ್ತದೆ. ಅಲ್ಲಿ ಸ್ವರಗಳ ಹೆಸರಿಗಿಂತ ಅಂತರಗಳನ್ನು ಓದುವವರೇ ಸುಖಿಗಳು.

ಇನ್ನು ಶ್ರುತಿಶುದ್ಧಿ. ಪಿಯಾನೊ ಪಕ್ಕದಲ್ಲೇ ಬೆಳೆದ ಕಿವಿಗೆ ಇಲ್ಲಿ ಹೊಸ ಪಾಠವಿದೆ. ಪಿಯಾನೊದ ಷಡ್ಜದಿಂದ ಅಂತರ ಗಾಂಧಾರಕ್ಕೆ 400 ಸೆಂಟ್ (ಸ್ವರಗಳ ನಡುವಿನ ದೂರ ಅಳೆಯುವ ಮಾನ) ದೂರ. ಶುದ್ಧ ಶ್ರುತಿಯಲ್ಲಿ ಅದೇ ದೂರ ಸುಮಾರು 386 ಸೆಂಟ್. ಪಕ್ಕವಾದ್ಯವಿಲ್ಲದೆ ಹಾಡುವಾಗ ಸ್ವರಮೇಳದ (ಒಟ್ಟಿಗೆ ಮೊಳಗುವ ಹಲವು ಸ್ವರಗಳ) ಗಾಂಧಾರ ನಿಮ್ಮ ಪಾಲಿಗೆ ಬಂದರೆ, ಪಿಯಾನೊಗಿಂತ ಒಂದಿಷ್ಟು ಕೆಳಗೆ ಹಿಡಿದಾಗಲೇ ಮೇಳ ತಿಳಿಯಾಗುತ್ತದೆ. ತಂಬೂರಿ ನುಡಿಸಿದಾಗ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಇದೇ. ಆದ್ದರಿಂದ ಪಿಯಾನೊಗಿಂತ ಎಡೆಬಿಡದ ಆಧಾರ ಶ್ರುತಿಯ ಮೇಲೆ ಅಂತರಗಳನ್ನು ಅಭ್ಯಾಸ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಶ್ರುತಿ ಸರಿಯಿದ್ದೂ ಅಪಸ್ವರದಂತೆ ಕೇಳಿಸಿದರೆ ಸ್ವರಾಕ್ಷರವನ್ನು ಅನುಮಾನಿಸಿ: ಒಬ್ಬರ ‘ಎ’ ಅಗಲವಾಗಿ, ಪಕ್ಕದವರ ‘ಎ’ ಕಿರಿದಾಗಿ ಇದ್ದರೆ ಮೂಲಸ್ವರದ ಜೊತೆ ಹೊಮ್ಮುವ ಉಪಸ್ವರಗಳು ಹೊಂದುವುದಿಲ್ಲ.

ದನಿ ಬೆರೆಸುವುದೆಂದರೆ ಗಂಟಲು ಬಿಗಿದು ದನಿಯನ್ನು ಅದುಮುವುದಲ್ಲ. ಏಕಗಾಯಕರ ಕಂಠದಲ್ಲಿ 3000 ಹರ್ಟ್ಸ್ ಆಸುಪಾಸಿನಲ್ಲಿ ಮೂಡುವ ಹೊಳಪು ದನಿಯನ್ನು ವಾದ್ಯವೃಂದದ ಮೇಲಿಂದ ದಾಟಿಸುತ್ತದೆ. ವೃಂದದಲ್ಲಿ ಅದೇ ಹೊಳಪು ಒಂದು ದನಿಯನ್ನು ಬೇರ್ಪಡಿಸಿಬಿಡುತ್ತದೆ. ಅದನ್ನೂ ದನಿಯ ಕಂಪನವನ್ನೂ (ವೈಬ್ರಾಟೊ) ಉಸಿರಿನ ಒತ್ತಡ ಮತ್ತು ಸ್ವರಾಕ್ಷರದ ಆಕಾರಗಳಿಂದ ಹದಗೊಳಿಸಬೇಕು. ತನ್ನ ದನಿ ತನಗೆ ಕೇಳಿಸದಾಗ ಮನುಷ್ಯ ಅರಿವಿಲ್ಲದೆ ಜೋರಾಗಿ ಹಾಡುತ್ತಾನೆ. ಆಗ ದನಿಯೇರಿಸುವ ಬದಲು ಪಕ್ಕದವರಿಂದ ಒಂದು ಹೆಜ್ಜೆ ದೂರ ನಿಲ್ಲಲು ಅನುಮತಿ ಕೇಳಿ.

ತಾಲೀಮಿಗೆ ಪೆನ್ಸಿಲ್ ಇಲ್ಲದೆ ಹೋಗಬಾರದು. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುವ ಗಾಯಕರಿಗೆ ಮುಂದಿನ ಕರೆ ಬರುವುದು ಕಡಿಮೆ. ಕೊನೆಯ ವ್ಯಂಜನ ಯಾವ ಎಣಿಕೆಯಲ್ಲಿ ಬೀಳಬೇಕೆಂಬುದನ್ನು ಗುರುತಿಸಿಕೊಳ್ಳಿ. ದೀರ್ಘ ಸಾಲುಗಳಲ್ಲಿ ಎಲ್ಲರಿಗೂ ಉಸಿರು ಬೇಕೆನಿಸುವ ಸ್ಥಳದಲ್ಲಿ ಉಸಿರೆಳೆಯದೆ, ಸ್ವರಾಕ್ಷರದ ನಡುವೆ ಮೆಲ್ಲಗೆ ಹೊರಬಂದು ಅಷ್ಟೇ ಮೆಲ್ಲಗೆ ಒಳಸೇರಿ. ಭಾಷೆಗಳ ವಿಷಯದಲ್ಲೂ ಎಚ್ಚರ ಬೇಕು: ಲ್ಯಾಟಿನ್ನಿನ ಒಂದೇ ಪದವನ್ನು ಇಟಲಿಯ ರೀತಿಯಲ್ಲಿ ‘ಚೇಲಿ’ ಎಂದೂ ಜರ್ಮನ್ ರೀತಿಯಲ್ಲಿ ‘ತ್ಸೇಲಿ’ ಎಂದೂ ಹಾಡುತ್ತಾರೆ. ಈ ಸಲ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಆಡಿಷನ್‌ನಲ್ಲಿ ಸಾಮಾನ್ಯವಾಗಿ ಒಂದು ಏಕಗಾಯನ, ಸೈಟ್ ರೀಡಿಂಗ್, ಕೆಲವೊಮ್ಮೆ ವೃಂದದ ಸದಸ್ಯರೊಂದಿಗೆ ನಾಲ್ವರಾಗಿ ಹಾಡುವುದು ಇರುತ್ತವೆ. ಗಟ್ಟಿದನಿಯ ಒಪೆರಾ ಆರಿಯಾ (ಒಪೆರಾದ ಏಕಗಾಯನ) ಒಯ್ಯುವುದಕ್ಕಿಂತ ಬಾಖ್ ಅಥವಾ ಪರ್ಸೆಲ್‌ನ ಚಿಕ್ಕ ಕೃತಿಯೊಂದನ್ನು ನಿಖರವಾಗಿ ಹಾಡಿ. ಆದರೆ ಬಹಳ ಮಂದಿ ಒಳಹೊಕ್ಕದ್ದು ಬದಲಿ ಗಾಯಕರಾಗಿ. ಸದಸ್ಯರೊಬ್ಬರು ಹಾಸಿಗೆ ಹಿಡಿದಾಗ ಬರುವ ಕರೆಗೆ ತಕ್ಷಣ ಉತ್ತರಿಸಿ, ಸಮಯಕ್ಕೆ ಮುಂಚೆ ತಲುಪಿ, ಪುಸ್ತಕ ತಿರುವಿ ಸಿದ್ಧರಾಗಿರುವವರ ಹೆಸರು ಬೇಗ ಹರಡುತ್ತದೆ. ಒಪ್ಪಿಕೊಂಡ ಕೆಲಸವನ್ನು ಹೆಚ್ಚು ಸಂಭಾವನೆಯ ಮತ್ತೊಂದಕ್ಕಾಗಿ ಬಿಟ್ಟವರ ಹೆಸರು ಇನ್ನೂ ಬೇಗ.

ಸಂಭಾವನೆಯಲ್ಲಿ ತಾಲೀಮು, ಪ್ರಯಾಣ, ವಸತಿ, ಧ್ವನಿಮುದ್ರಣದ ಹಕ್ಕು ಇವುಗಳಲ್ಲಿ ಯಾವುವು ಸೇರಿವೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಸಂಬಳದ ಹುದ್ದೆಯೂ ಶಾಶ್ವತವಲ್ಲ: 2023ರ ಮಾರ್ಚ್‌ನಲ್ಲಿ ಬಿಬಿಸಿ ತನ್ನ ಸಿಂಗರ್ಸ್ ವೃಂದವನ್ನು ಮುಚ್ಚುವುದಾಗಿ ಪ್ರಕಟಿಸಿ, ವ್ಯಾಪಕ ವಿರೋಧದ ನಂತರ ಅದೇ ತಿಂಗಳಲ್ಲಿ ಆ ನಿರ್ಧಾರವನ್ನು ತಡೆಹಿಡಿಯಿತು. ಪಾಠ ಹೇಳುವುದನ್ನೂ ಧ್ವನಿಮುದ್ರಣದ ಕೆಲಸವನ್ನೂ ಜೊತೆಯಲ್ಲಿಟ್ಟುಕೊಂಡಿರುವುದು ವಿವೇಕ.

ಒಂದೇ ದಿನ ತಾಲೀಮೂ ಕಛೇರಿಯೂ ಇದ್ದರೆ, ತಾಲೀಮಿನಲ್ಲಿ ಎತ್ತರದ ಸ್ವರಗಳನ್ನು ಅರ್ಧ ದನಿಯಲ್ಲಿ ಅಥವಾ ಒಂದು ಸ್ಥಾಯಿ ಕೆಳಗೆ ಹಾಡುವ ಪರಿಪಾಠವಿದೆ. ಹಾಗೆ ಮಾಡುವ ಮುನ್ನ ನಿರ್ದೇಶಕರಿಗೂ ಪಕ್ಕದಲ್ಲಿ ನಿಂತವರಿಗೂ ತಿಳಿಸಿ, ಏಕೆಂದರೆ ಅವರು ತಮ್ಮ ಶ್ರುತಿಯನ್ನು ನಿಮ್ಮ ದನಿಯಿಂದಲೇ ಎತ್ತಿಕೊಳ್ಳುತ್ತಿರಬಹುದು.