ಹುಬ್ಬಳ್ಳಿಯಿಂದ ದುಬೈಗೆ: ಸರ್ಕಾರಿ ನೆರವು ನಮಗೆ ಕೆಲಸಕ್ಕೆ ಬಂದ ಬಗೆ

ಹೊರದೇಶಕ್ಕೆ ಮಾರಲು ಹೊರಟ ಸ್ಟಾರ್ಟಪ್‌ನವರು ನನಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ, ‘ಸರ್, ಯಾವ ಸ್ಕೀಮ್‌ನಲ್ಲಿ ಎಷ್ಟು ದುಡ್ಡು ಸಿಗುತ್ತೆ?’ ನಾನು ಕೇಳುವುದು, ‘ಐಇಸಿ ಆಗಿದೆಯಾ? ಎಲ್‌ಯುಟಿ ಹಾಕಿದ್ದೀರಾ?’ ರಫ್ತಿಗೆ ಮೊದಲು ಮಾಡಿಸಿಕೊಳ್ಳಬೇಕಾದ ಈ ಎರಡು ಕಾಗದ ಹೆಚ್ಚಿನವರದು ಆಗಿರುವುದಿಲ್ಲ. ಇವತ್ತು ನಮ್ಮ ಮಾಲು ದುಬೈಗೆ ಹೋಗುತ್ತಿದೆ ಅಂದರೆ, ಸರ್ಕಾರ ಕೊಟ್ಟ ಹಣಕ್ಕಿಂತ ಆ ಹಣ ಕೇಳಲು ಹೋದಾಗ ಸಿದ್ಧವಾದ ಕಾಗದಗಳೇ ಅದಕ್ಕೆ ಹೆಚ್ಚು ಕಾರಣ.

ನಾವು ಮಾಡುವುದು ಕೋಲ್ಡ್ ಸ್ಟೋರೇಜ್ ಮತ್ತು ಸರಕನ್ನು ತಣ್ಣಗಿಟ್ಟು ಸಾಗಿಸುವ ರೀಫರ್ ಲಾರಿಗಳ ತಾಪಮಾನ ದಾಖಲಿಸುವ ಸಣ್ಣ ಡಬ್ಬಿ. ಒಳಗೊಂದು ಸಿಮ್ ಇರುತ್ತದೆ, ಓದಿದ್ದನ್ನು ಸರ್ವರಿಗೆ ಕಳಿಸುತ್ತದೆ. ಡಬ್ಬಿ ಒಮ್ಮೆ ಮಾರಾಟ, ಸಾಫ್ಟ್‌ವೇರ್‌ಗೆ ವರ್ಷದ ಚಂದಾ. ತಿನ್ನುವ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುವ, ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಊರು ನಮಗೆ ಸಹಜ ಮಾರುಕಟ್ಟೆ.

ಕಾಗದಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಐಇಸಿ ಅಂದರೆ ಆಮದು ರಫ್ತಿನ ಗುರುತಿನ ಸಂಖ್ಯೆ. ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂಪಾಯಿ ಶುಲ್ಕ. ಏನೂ ಬದಲಾಗದಿದ್ದರೂ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ದೃಢಪಡಿಸಬೇಕು, ಇಲ್ಲವಾದರೆ ಅದು ನಿಷ್ಕ್ರಿಯವಾಗುತ್ತದೆ. ಎಲ್‌ಯುಟಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಸಲ್ಲಿಸುವ ಮುಚ್ಚಳಿಕೆ. ಆಯಾ ಆರ್ಥಿಕ ವರ್ಷಕ್ಕೆ ಮಾತ್ರ ಸಲ್ಲುತ್ತದೆ. ಇದಿಲ್ಲದೆ ರಫ್ತು ಮಾಡಿದರೆ ತೆರಿಗೆ ಮೊದಲು ಕಟ್ಟಿ, ಆಮೇಲೆ ಮರುಪಾವತಿಗೆ ಕಾಯಬೇಕು. ಸಣ್ಣ ಕಂಪನಿಯ ಕೈಯಲ್ಲಿ ಅಷ್ಟು ಹಣ ಸಿಕ್ಕಿಹಾಕಿಕೊಂಡರೆ ಮುಂದಿನ ಲಾಟ್‌ನ ಬಿಡಿಭಾಗ ತರಿಸಲು ಆಗುವುದಿಲ್ಲ. ಮೂರನೆಯದು ಆರ್‌ಸಿಎಂಸಿ, ರಫ್ತು ಉತ್ತೇಜನ ಮಂಡಳಿಯ ಸದಸ್ಯತ್ವ ಪತ್ರ. ಎಲೆಕ್ಟ್ರಾನಿಕ್ಸ್ ಮತ್ತು ಸಾಫ್ಟ್‌ವೇರ್‌ನವರಿಗೆ ಇಎಸ್‌ಸಿ ಮಂಡಳಿ. ವಾಣಿಜ್ಯ ಸಚಿವಾಲಯದ ಮಾರ್ಕೆಟ್ ಆಕ್ಸೆಸ್ ಇನಿಷಿಯೇಟಿವ್‌ನಲ್ಲಿ ಸ್ಟಾಲ್ ಬಾಡಿಗೆ, ವಿಮಾನ ದರಕ್ಕೆ ನೆರವು ಸಿಗುತ್ತಿದ್ದುದು ಇಂಥ ಮಂಡಳಿಗಳ ಮೂಲಕ.

ರಾಜ್ಯದ್ದು ಬೇರೆ. ಕರ್ನಾಟಕದ 2015ರ ಸ್ಟಾರ್ಟಪ್ ನೀತಿಯಲ್ಲೇ ವಿದೇಶಿ ಮೇಳಗಳ ಮಾರ್ಕೆಟಿಂಗ್ ಖರ್ಚಿನಲ್ಲಿ, ಪ್ರಯಾಣವೂ ಸೇರಿ, ಶೇ 30ರಷ್ಟನ್ನು ವರ್ಷಕ್ಕೆ 5 ಲಕ್ಷದವರೆಗೆ ಮರಳಿಸುವ ಮಾತಿತ್ತು. ಉಳಿದ ಎಪ್ಪತ್ತು ನಮ್ಮದೇ. ಇದನ್ನು ಬಜೆಟ್ ಬರೆಯುವ ದಿನವೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನಾವು ಆರಿಸಿಕೊಂಡದ್ದು ದುಬೈನ ಗಿಟೆಕ್ಸ್ ಎಂಬ ತಂತ್ರಜ್ಞಾನ ಮೇಳ. ಡೆಮೊ ಡಬ್ಬಿಗಳನ್ನು ಒಯ್ಯಲು ಎಟಿಎ ಕಾರ್ನೆಟ್ ಮಾಡಿಸಿದೆವು. ಇದು ಸರಕಿನ ಪಾಸ್‌ಪೋರ್ಟ್ ಇದ್ದಂತೆ, ಸುಂಕ ಕಟ್ಟದೆ ತಾತ್ಕಾಲಿಕವಾಗಿ ಒಯ್ದು ವಾಪಸು ತರಲು. ಭಾರತದಲ್ಲಿ ಉದ್ಯಮಿಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ, ಒಂದು ವರ್ಷ ಚಾಲ್ತಿ, ಜೊತೆಗೆ ಭದ್ರತಾ ಠೇವಣಿ ಇಡಬೇಕು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಚೆಕ್-ಇನ್‌ಗೆ ಹಾಕುವ ಮೊದಲೇ ಕಸ್ಟಮ್ಸ್‌ಗೆ ಹೋದೆವು. ಅಧಿಕಾರಿ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ತಳದ ಸೀರಿಯಲ್ ನಂಬರ್‌ಗಳನ್ನು ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಿ ಹಳದಿ ಹಾಳೆಗೆ ಮುದ್ರೆ ಒತ್ತಿದರು. ದುಬೈನಲ್ಲಿ ಬಿಳಿ ಹಾಳೆ. ಹೋದದ್ದೆಲ್ಲ ಅದೇ ನಂಬರ್‌ಗಳಲ್ಲಿ ವಾಪಸು ಬರಬೇಕು. ಮೇಳದ ಕೊನೆಯಲ್ಲಿ ಒಬ್ಬ ಖರೀದಿದಾರರು, ‘ಒಂದನ್ನು ಇಲ್ಲೇ ಬಿಟ್ಟು ಹೋಗಿ, ನಾಳೆಯೇ ಹಾಕಿ ನೋಡುತ್ತೇವೆ’ ಎಂದು ಒತ್ತಾಯ ಮಾಡಿದರು. ಬಿಟ್ಟರೆ ಅಲ್ಲಿಯ ಸುಂಕ ನಮ್ಮ ತಲೆಗೆ ಬರುತ್ತಿತ್ತು. ಊರಿಗೆ ಮರಳಿದ ಮೇಲೆ ಎಲ್‌ಯುಟಿ ಅಡಿಯಲ್ಲಿ ಇನ್‌ವಾಯ್ಸ್ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತೇವೆಂದು ಒಪ್ಪಿಸಿದೆವು, ಹಾಗೆಯೇ ಮಾಡಿದೆವು. ಕಾಗದ ಮೊದಲೇ ಆಗಿದ್ದರಿಂದ ತಡವಾಗಲಿಲ್ಲ. ಅದೇ ನಮ್ಮ ಮೊದಲ ವಿದೇಶಿ ಬಿಲ್.

ಮೇಳದಲ್ಲಿ ವಿಸಿಟಿಂಗ್ ಕಾರ್ಡ್ ರಾಶಿ ಬೀಳುತ್ತದೆ; ಅದರಿಂದ ನಮಗೇನೂ ಹೆಚ್ಚು ಹುಟ್ಟಲಿಲ್ಲ. ಹುಟ್ಟಿದ್ದು ಒಂದು ಮಾತಿನಿಂದ. ನಮ್ಮ ಕನ್ನಡ ಕೇಳಿ ನಿಂತ ಉಡುಪಿ ಕಡೆಯವರೊಬ್ಬರು, ಅಲ್ಲಿಯ ಗೋದಾಮಿನಲ್ಲಿ ಮ್ಯಾನೇಜರ್, ‘ಮಾರಾಯ್ರೆ, ನೀವು ಐಟಿ ಹೆಡ್‌ಗಳ ಹಿಂದೆ ಯಾಕೆ ಬಿದ್ದಿದ್ದೀರಿ? ಮುನಿಸಿಪಾಲಿಟಿ ಇನ್‌ಸ್ಪೆಕ್ಟರ್ ಬಂದ್ರೆ ಟೆಂಪರೇಚರ್ ರೆಕಾರ್ಡ್ ತೋರಿಸಬೇಕಾದವರು ಫುಡ್ ಸೇಫ್ಟಿಯವರು. ಅವರ ಹತ್ರ ಹೋಗಿ’ ಎಂದರು. ಆ ದಿನ ಮಧ್ಯಾಹ್ನದಿಂದಲೇ ನಾವು ಭೇಟಿಯ ಪಟ್ಟಿ ಬದಲಿಸಿದೆವು. ಫುಡ್ ಸೇಫ್ಟಿಯವರು ಆ್ಯಪ್‌ನ ಅಂದ ನೋಡಲಿಲ್ಲ, ಸೆನ್ಸರ್‌ನ ಅಳತೆ ಸರಿಯಿದೆ ಎನ್ನುವ ಕ್ಯಾಲಿಬ್ರೇಶನ್ ಪತ್ರ ಕೇಳಿದರು. ನಮ್ಮದು, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇರುವ ಪ್ರಯೋಗಾಲಯದ್ದು. ಎನ್‌ಎಬಿಎಲ್ ಅಂತರರಾಷ್ಟ್ರೀಯ ಪರಸ್ಪರ ಮಾನ್ಯತೆಯ ಒಪ್ಪಂದದಲ್ಲಿ ಇರುವುದರಿಂದ ಒಪ್ಪಿಕೊಂಡರು.

ಸಿಮ್ ಇರುವ ಸಾಧನಕ್ಕೆ ಯುಎಇಯಲ್ಲಿ ಟಿಡಿಆರ್‌ಎ ಎಂಬ ದೂರಸಂಪರ್ಕ ಪ್ರಾಧಿಕಾರದ ಅನುಮೋದನೆ ಬೇಕು. ಮೇಳಕ್ಕೆ ಸಿಗುವ ನೆರವು ಇದನ್ನು ಮುಟ್ಟುವುದಿಲ್ಲ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಮಾಡಿಸಿದವರು ಎಂಎಸ್‌ಎಂಇ ಸಚಿವಾಲಯದ, ಮೊದಲ ಬಾರಿ ರಫ್ತು ಮಾಡುವವರಿಗೆಂದೇ ಇರುವ ಯೋಜನೆಯನ್ನು ನೋಡಬೇಕು: ಆರ್‌ಸಿಎಂಸಿ ಶುಲ್ಕ, ರಫ್ತು ವಿಮೆಯ ಕಂತು, ಪರೀಕ್ಷೆ ಮತ್ತು ಪ್ರಮಾಣಪತ್ರದ ಖರ್ಚಿಗೆ ಅದರಲ್ಲಿ ಅವಕಾಶವಿದೆ. ದೊಡ್ಡ ಆರ್ಡರ್‌ಗೆ ಉದ್ದರಿ ಕೊಡಬೇಕಾಗಿ ಬಂದಾಗ ನಾವು ಇಸಿಜಿಸಿ ವಿಮೆ ಮಾಡಿಸಿದೆವು. 1957ರಿಂದ ಇರುವ ಈ ಸರ್ಕಾರಿ ಸಂಸ್ಥೆ ಖರೀದಿದಾರ ದುಡ್ಡು ಕೊಡದಿದ್ದರೆ ನಷ್ಟದ ದೊಡ್ಡ ಪಾಲು ತುಂಬಿಕೊಡುತ್ತದೆ. ನಮ್ಮ ಸ್ಟಾರ್ಟಪ್ ಸಭೆಗಳಲ್ಲಿ ಇದರ ಹೆಸರು ಕೇಳಿದ್ದೇ ಕಡಿಮೆ.

ಒಂದು ಮಾತು ನೇರವಾಗಿ ಹೇಳಬೇಕು. ಈ ನೆರವೆಲ್ಲ ಖರ್ಚು ಮಾಡಿದ ಮೇಲೆ ಬರುವಂಥದ್ದು. ಬೋರ್ಡಿಂಗ್ ಪಾಸ್, ಪಾವತಿ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸ್ಟಾಲ್‌ನ ಫೋಟೊ ಎಲ್ಲ ಸೇರಿಸಿ ಕೊಟ್ಟರೂ ನಮ್ಮ ಒಂದು ಕಡತ ಒಂದು ಕಚೇರಿಯಲ್ಲಿ ಎಷ್ಟೋ ತಿಂಗಳು ಕೂತಿತು. ನಮಗೆ ದೇಶಿ ಗ್ರಾಹಕರ ಚಂದಾ ಬರುತ್ತಿತ್ತು, ತಡೆದುಕೊಂಡೆವು. ಧಾರವಾಡ, ಕಲಬುರಗಿಯಲ್ಲಿ ಇಬ್ಬರೋ ಮೂವರೋ ಸೇರಿ ನಡೆಸುವ ಕಂಪನಿ ತಡೆದುಕೊಳ್ಳಲಾರದು. ಕೈಯಲ್ಲಿ ದುಡ್ಡಿದ್ದವರಿಗೇ ಮೊದಲು ಸಿಗುವ ನೆರವು ಅರ್ಧ ನೆರವು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಮಾರ್ಕೆಟ್ ಆಕ್ಸೆಸ್ ಇನಿಷಿಯೇಟಿವ್‌ನಂಥ ಹಳೆಯ ಯೋಜನೆಗಳು ಅದರೊಳಗೆ ಸೇರಿವೆ. ಮೊದಲ ಸಲ ಹೊರಡುವವರಿಗೆ ಒಂದು ಪಾಲನ್ನಾದರೂ ಮುಂಗಡವಾಗಿ ಕೊಡಿ ಎಂದು ಕೇಳಲು ಇದೇ ಸಮಯ, ಸಂಘಟನೆಗಳಲ್ಲಿ ಇರುವವರು ಈ ಮಾತನ್ನು ಬಿಡದೆ ಎತ್ತಬೇಕು.

ನಮ್ಮ ಮುಂದಿನ ಗುರಿ ಜರ್ಮನಿ. ಅಲ್ಲಿ ಆಹಾರ ಸಾಗಣೆಯ ತಾಪಮಾನ ದಾಖಲೆಯ ಸಾಧನಗಳಿಗೆ ಇಎನ್ 12830 ಎಂಬ ಮಾನದಂಡ ಇದೆ, ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತಿಗೆ ರೇಡಿಯೊ ಸಾಧನಗಳ ನಿಯಮ ಬೇರೆ. ಡಬ್ಬಿಗಳನ್ನು ಪರೀಕ್ಷೆಗೆ ಕೊಟ್ಟಿದ್ದೇವೆ. ವರದಿ ಕೈಗೆ ಬಂದ ಮೇಲೆಯೇ ಬರ್ಲಿನ್‌ನಲ್ಲಿ ಸ್ಟಾಲ್‌ಗೆ ಅರ್ಜಿ.