ಜ್ವರ ಬಂದ ದಿನ ಈ ಮಾತ್ರೆ ನಿಲ್ಲಿಸಬೇಡಿ

ನಮ್ಮ ಅತ್ತಿಗೆಗೆ ಎರಡನೇ ಹೆರಿಗೆಯಲ್ಲಿ ತುಂಬಾ ರಕ್ತ ಹೋಯಿತು. ಮಗುವಿಗೆ ಹಾಲು ಬರಲಿಲ್ಲ, ಮತ್ತೆ ಮುಟ್ಟೂ ಆಗಲಿಲ್ಲ. ಏಳು ವರ್ಷ ‘ರಕ್ತ ಕಮ್ಮಿ’ ಅಂತ ಟಾನಿಕ್ ಕುಡಿದದ್ದೇ ಬಂತು. ಕೊನೆಗೆ ಗೊತ್ತಾಯಿತು, ಅದು ಶೀಹಾನ್ ಸಿಂಡ್ರೋಮ್. ಮಿದುಳಿನ ಬುಡದ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ರಕ್ತ ಸಿಗದೆ ಸೊರಗಿತ್ತು. ಅದು ಸೊರಗಿದರೆ ದೇಹಕ್ಕೆ ಬೇಕಾದಷ್ಟು ಕಾರ್ಟಿಸೋಲ್ ಹಾರ್ಮೋನ್ ಸಿಗದು, ಬದಲಿಗೆ ದಿನಾ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಬೇಕು. ದಾವಣಗೆರೆಯಲ್ಲಿ ಇದೇ ಮಾತ್ರೆ ನುಂಗುವ ಇನ್ನೂ ಕೆಲವರನ್ನು ಬಲ್ಲೆ. ಎಲ್ಲರೂ ಎಡವುವುದು ಒಂದೇ ಕಡೆ.

ದಿನದ ಕ್ರಮ ಸುಲಭ. ಹೈಡ್ರೊಕಾರ್ಟಿಸೋನ್‌ನ ದೊಡ್ಡ ಪಾಲು ಬೆಳಿಗ್ಗೆ ಎದ್ದ ಕೂಡಲೇ, ಉಳಿದದ್ದು ಸಂಜೆಯೊಳಗೆ.

ಚಿಕಿತ್ಸೆ ಶುರುವಾಗುವಾಗ ಸ್ಟೀರಾಯ್ಡ್ ಮೊದಲು, ಥೈರಾಯ್ಡ್ ಮಾತ್ರೆ ಆಮೇಲೆ. ಹಿಂದುಮುಂದಾದರೆ ಮೈಯಲ್ಲಿ ಉಳಿದ ಚೂರುಪಾರು ಕಾರ್ಟಿಸೋಲ್ ಬೇಗ ಕರಗಿ ಜೀವಕ್ಕೇ ಕುತ್ತು. ಇನ್ನೊಂದು ಮಾತು: ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನಾದ ಟಿಎಸ್‌ಎಚ್ ರಿಪೋರ್ಟ್ ಒಂದನ್ನೇ ನೋಡಿ ಥೈರಾಯ್ಡ್ ಡೋಸ್ ಬದಲಿಸಿಕೊಳ್ಳಬೇಡಿ. ಟಿಎಸ್‌ಎಚ್ ಹುಟ್ಟುವುದೇ ಪಿಟ್ಯುಟರಿಯಲ್ಲಿ, ಕೆಟ್ಟಿರುವುದೂ ಅದೇ ಅಲ್ವಾ? ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ನೋಡಬೇಕು.

ಈಗ ಜ್ವರದ ದಿನ. ಬೇರೆಯವರಿಗೆ ಜ್ವರ ಬಂದರೆ ದೇಹವೇ ಜಾಸ್ತಿ ಕಾರ್ಟಿಸೋಲ್ ಬಿಡುತ್ತದೆ. ಇವರಲ್ಲಿ ಅದು ಆಗದು, ಮಾತ್ರೆಯಿಂದಲೇ ತುಂಬಬೇಕು. ಆದರೆ ಮನೆಯವರು ‘ಹೊಟ್ಟೆ ಖಾಲಿ, ಸ್ಟೀರಾಯ್ಡ್ ಬೇಡ’ ಅಂತ ಅವತ್ತೇ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ 100.4 ಡಿಗ್ರಿ ದಾಟಿದರೆ ಡೋಸ್ ಎರಡು ಪಟ್ಟು, 102 ದಾಟಿದರೆ ಮೂರು ಪಟ್ಟು. ಜ್ವರ ಬಿಟ್ಟ ಮೇಲೆ ಎರಡು ಮೂರು ದಿನದಲ್ಲಿ ಹಳೇ ಡೋಸ್‌ಗೆ ಬರಬೇಕು. ನಿಮ್ಮ ಲೆಕ್ಕವನ್ನು ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಹತ್ತಿರ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಾನಂತೂ ಫ್ರಿಜ್ ಬಾಗಿಲಿಗೇ ಅಂಟಿಸಿದ್ದೇನೆ.

ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ಕೊಡಿ. ಅದೂ ನಿಲ್ಲದಿದ್ದರೆ ಕಾಯಬೇಡಿ. ದೊಡ್ಡವರಿಗೆ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ತೊಡೆಯ ಮಾಂಸಕ್ಕೆ. ಆಮೇಲೆ ಚೇತರಿಸಿದಂತೆ ಕಂಡರೂ ಸೀದಾ ಆಸ್ಪತ್ರೆ. ಬರೀ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಮನೆಗೆ ಬರುವುದು ದೊಡ್ಡ ತಪ್ಪು. ನಮ್ಮ ಅತ್ತಿಗೆ ಹಾಗೇ ಬಂದು ರಾತ್ರಿ ಬಿಪಿ ಇಳಿದು ಬಿದ್ದರು. ಅಲ್ಲಿ ಯಾರಿಗೂ ನಾವು ಪಿಟ್ಯುಟರಿ ವಿಷಯ ಹೇಳಿರಲಿಲ್ಲ. ಈಗ ಪರ್ಸ್‌ನಲ್ಲಿ ಕಾರ್ಡ್ ಇದೆ: ‘ಸ್ಟೀರಾಯ್ಡ್ ಮೇಲೆ ಇದ್ದಾರೆ, ಮೊದಲು ಹೈಡ್ರೊಕಾರ್ಟಿಸೋನ್ ಕೊಡಿ’.

‘ಹಾರ್ಮೋನ್ ಸರಿ ಮಾಡುವ’ ಪುಡಿಗಳಿಗೆ ದುಡ್ಡು ಹಾಕಬೇಡಿ. ಒಣಗಿದ ಗ್ರಂಥಿಯನ್ನು ಯಾವ ಪುಡಿಯೂ ಎಬ್ಬಿಸದು.

ನಾಯಕನಹಟ್ಟಿ ಜಾತ್ರೆಗೆ ಹೊರಟರೂ ವೈಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಬಾಟಲಿ), ಸಿರಿಂಜ್, ಸೂಜಿ ಕೈಚೀಲದಲ್ಲೇ ಇರಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬೇಡ. ಮನೆಯಲ್ಲಿ ಇಬ್ಬರಾದರೂ ಚುಚ್ಚುವುದನ್ನು ನರ್ಸ್ ಹತ್ತಿರ ಕಲಿಯಿರಿ. ಅವಧಿ ಮುಗಿದ ವೈಲ್ ಎಸೆಯಬೇಡಿ. ಅದರಲ್ಲೇ ಔಷಧಿ ಕಲಸಿ, ಎಳೆದು, ಮೋಸಂಬಿಗೆ ಚುಚ್ಚಿ ಕೈ ಪಳಗಿಸಿಕೊಳ್ಳಿ.