ಸಣ್ಣ ಕಾಲೇಜಿಗೆ ಪೈಲ್ವಾನರನ್ನು ಕರೆತರುವುದು ಹೇಗೆ?

ಪ್ರವೇಶ ಶುರುವಾದ ಮೇಲೆ ಹುಡುಕಿದರೆ ತಡವಾಯಿತು. ಕಲಬುರಗಿ, ಯಾದಗಿರಿ ಕಡೆಯ ಜಾತ್ರೆ-ಉರುಸಿನ ಕುಸ್ತಿ ಕಣಕ್ಕೆ ಮೊದಲೇ ಹೋಗಿ. ಬಹುಮಾನ ಗೆದ್ದವನ ಹಿಂದೆ ಎಲ್ಲರೂ ಬೀಳುತ್ತಾರೆ. ಸೋತರೂ ಕೊನೆವರೆಗೆ ಪಟ್ಟು ಬಿಡದವನನ್ನು ಗುರುತಿಸಿ, ಪಿಯುಸಿ ಪಾಸಾಗಿದ್ದಾನೆಯೇ ಅಂತ ಅಲ್ಲೇ ಕೇಳಿ.

ಹುಡುಗನಿಗಿಂತ ಮೊದಲು ಅವನ ವಸ್ತಾದರ (ಕುಸ್ತಿ ಕಲಿಸುವ ಗುರುವಿನ) ಹತ್ತಿರ ಮಾತಾಡಿ. ಅವರನ್ನು ದಾಟಿ ಕರೆತಂದ ಹುಡುಗ ಹಬ್ಬಕ್ಕೆ ಊರಿಗೆ ಹೋದರೆ ವಾಪಸ್ ಬರುವುದು ಕಷ್ಟ. ಮನೆಯವರ ಪ್ರಶ್ನೆ ಪದಕದ್ದಲ್ಲ, ಖರ್ಚಿನದು: ಫೀಸು, ಹಾಸ್ಟೆಲ್, ದಿನದ ಹಾಲು-ಮೊಟ್ಟೆ. ಯಾವುದು ಕಾಲೇಜಿನದು, ಯಾವುದು ಅವರದು ಎಂದು ಬರೆದೇ ಕೊಡಿ. ತೊಗರಿ ರಾಶಿಯ ಹೊತ್ತಿಗೆ ಹಾಜರಾತಿ ಬೀಳುತ್ತದೆ. ಆ ರಜೆಯನ್ನೂ ಮೊದಲೇ ಮಾತಾಡಿಕೊಳ್ಳಿ.

ಪುರುಷರ ಫ್ರೀಸ್ಟೈಲ್‌ನಲ್ಲಿ 57ರಿಂದ 125 ಕೆಜಿವರೆಗೆ 10 ತೂಕದ ವಿಭಾಗಗಳಿವೆ. ಹತ್ತನ್ನೂ ತುಂಬುವ ಹಟ ಬೇಡ. 57, 65, 74 ಕೆಜಿಗೆ ಇಬ್ಬಿಬ್ಬರಿರಲಿ. ಸರಿಜೋಡಿ ಇಲ್ಲದವನ ಆಟ ಬೆಳೆಯುವುದಿಲ್ಲ. ಹುಡುಗಿಯರನ್ನು ಸೇರಿಸುವುದಾದರೆ ಬೇರೆ ಹಾಸ್ಟೆಲ್, ಜೊತೆಗೆ ಹೋಗಲು ಮಹಿಳಾ ಸಿಬ್ಬಂದಿ ಬೇಕೇ ಬೇಕು.

ಮಣ್ಣಿನ ಪೈಲ್ವಾನ ಮ್ಯಾಟ್ ಮೇಲೆ ಎಡವುವುದು ಬಲ ಸಾಲದೆ ಅಲ್ಲ. ಮಣ್ಣಿನಲ್ಲಿ ಕಾದು ಚಿತ್ ಮಾಡುವ (ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸುವ) ರೂಢಿ. ಮ್ಯಾಟ್‌ನಲ್ಲಿ 3 ನಿಮಿಷದ ಎರಡು ಸುತ್ತು, 10 ಅಂಕ ಮುಂದಾದರೆ ಅಲ್ಲಿಗೇ ಮುಗಿಯಿತು. ಮ್ಯಾಟ್ ಇಲ್ಲದಿದ್ದರೆ ಹತ್ತಿರದ ಕ್ರೀಡಾಂಗಣದಲ್ಲಿ ವಾರಕ್ಕೆರಡು ದಿನ ಕೇಳಿಕೊಂಡ ನಂತರವೇ ಹುಡುಗರಿಗೆ ಮಾತು ಕೊಡಿ.